ಖಾಲಿ ಕುರ್ಚಿಗೆ ಮೊದಲ ಸೇರು

ನಮ್ಮ ಮನೆಯಲ್ಲಿ ರಾಗಿ ಡ್ರಮ್ಮು ಬಾಯಿತನಕ ತುಂಬಿದೆ ಎಂದರೆ ಬೆಂಗಳೂರಿನಲ್ಲಿ ಸರ್ಕಾರ ಅಲ್ಲಾಡುತ್ತಿದೆ ಎಂದು ತಿಳಿಯಬೇಕು. ನನ್ನ ಹೆಂಡತಿ ಬಂದ ನೆಂಟರಿಗೆಲ್ಲ ಇದನ್ನು ಹೇಳಿ ನಗುತ್ತಾಳೆ. ಅವಳು ಪೇಪರು ಓದುವುದಿಲ್ಲ, ಓದುವ ಅಗತ್ಯವೂ ಬಿದ್ದಿಲ್ಲ. ಯಾರೋ ಒಂದಷ್ಟು ಜನ ಶಾಸಕರು ಬಸ್ಸು ಹತ್ತಿ ಯಾವುದೋ ಹೋಟೆಲಿಗೆ ಹೊರಟರು ಅನ್ನುವ ಸುದ್ದಿ ಬಂದ ಸಾಯಂಕಾಲ ನಾನು ಚೀಲ ಹಿಡಿದು ರಾಗಿ ತರಲು ಮಂಡಿಪೇಟೆಗೆ ಹೊರಟಿರುತ್ತೇನೆ.

ಚಿಂತೆ ಮಾಡುವುದು ನನಗೆ ಒಂದು ಕಸುಬು. ಮೋಡ ಬಂದರೆ ಮಳೆ ಹೊಡೆದೀತೆಂದು, ಹೊಡೆಯದಿದ್ದರೆ ಯಾಕೆ ಹೊಡೆಯಲಿಲ್ಲವೆಂದು ಚಿಂತಿಸುತ್ತೇನೆ. ಡಾಕ್ಟರು ‘ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ’ ಅಂದಾಗಿನಿಂದ, ಕಮ್ಮಿ ಆಗುತ್ತಿಲ್ಲವಲ್ಲ ಎನ್ನುವ ಹೊಸ ಟೆನ್ಷನ್ನೂ ಸೇರಿಕೊಂಡಿದೆ. ಆದರೆ ಈ ರಾಗಿಯ ವಿಷಯವನ್ನು ಚಿಂತೆ ಎಂದು ಕರೆಯುವುದು ನನ್ನ ಹೆಂಡತಿಯ ದೊಡ್ಡತನ. ಅದು ಸಿಟ್ಟು. ಇಷ್ಟು ವರ್ಷ ಚಿಂತೆಯ ಅಂಗಿ ತೊಟ್ಟುಕೊಂಡು ಮರ್ಯಾದಸ್ಥನ ಹಾಗೆ ಓಡಾಡಿತ್ತು. ಹೋದ ತಿಂಗಳು ಅದರ ಅಂಗಿ ಹರಿಯಿತು.

ತುಮಕೂರಿನ ಅಂಚಿನ ಮರಳೂರಿನ ನಮ್ಮ ಬೀದಿಯಲ್ಲಿ ಎದುರು ಸೈಟಿನವರು ಪಾಯ ತೆಗೆಸುತ್ತಿದ್ದರು. ಮಣ್ಣು ಅಗೆಯುವ ಯಂತ್ರದ ಹಲ್ಲು ಒಂದು ಕಲ್ಲುಚಪ್ಪಡಿಗೆ ತಗುಲಿ ಅದನ್ನು ಮಗ್ಗುಲಿಗೆ ಎಳೆಯಿತು. ಕೆಳಗೆ ಕತ್ತಲ ಬಾಯಿ. ಬೀದಿಗೆ ಬೀದಿಯೇ ಬಂತು. ಸೈಟಿನ ಯಜಮಾನ, ಆಗತಾನೆ ಗುತ್ತಿಗೆದಾರನಾಗಿ ನಾಲ್ಕು ಕಾಸು ಕಂಡ ಮನುಷ್ಯ, ನಿಧಿಯೇ ಸಿಕ್ಕಿತೆಂದು ಪ್ಯಾಂಟು ಮಡಚಿಕೊಂಡು ಇಳಿಯಲು ನಿಂತ. ನಾನು ಹತ್ತಿರ ಹೋದೆ. ಒಳಗಿನಿಂದ ಒಂದು ವಾಸನೆ ಬಂತು. ಹಳೆಯ ಹುಲ್ಲು, ಮುಗ್ಗಲು, ಅದರಡಿಯಲ್ಲಿ ನೀರು ಕುಡಿದು ಹುಳಿಯಾದ ಧಾನ್ಯದ ಒಂದು ನೆನಪು.

“ಯಾರೂ ಇಳೀಬೇಡಿ!” ಎಂದು ಕಿರುಚಿದೆ. ಬೀದಿಯಲ್ಲಿ ಯಾರೂ ನನ್ನ ಅಂಥ ದನಿ ಕೇಳಿರಲಿಲ್ಲ. ನನ್ನ ಹೆಂಡತಿಯೂ ಕೇಳಿರಲಿಲ್ಲ. ಗೇಟಿನಿಂದ ಓಡಿ ಬಂದಳು.

“ಅದು ಹಗೇವು. ಮೊದ್ಲು ದೀಪ ಇಳಿಸಿ,” ಎಂದೆ.

ಹಗೇವು ಎಂದರೆ ನೆಲದೊಳಗಿನ ಕಣಜ. ಗಟ್ಟಿ ಗರಸು ನೆಲದಲ್ಲಿ ಮಡಕೆಯ ಹಾಗೆ ಗುಂಡಗೆ ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿ ಸುರಿದು, ಒಬ್ಬ ಮನುಷ್ಯ ತೂರುವಷ್ಟೇ ಇರುವ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡಬಾರದು, ನೀರು ಸೋಕಬಾರದು. ಹಾಗಿದ್ದರೆ ಹುಳುವಿಲ್ಲ, ಇಲಿಯಿಲ್ಲ, ರಾಗಿ ವರ್ಷಗಟ್ಟಲೆ ಮಲಗಿರುತ್ತದೆ. ಬಾಯಿ ತೆಗೆದಾಗ ಮಾತ್ರ ಎಚ್ಚರ. ಒಳಗಿನ ಕೆಟ್ಟ ಗಾಳಿ ಮನುಷ್ಯನನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಇಳಿಸಿದ ದೀಪ ಆರಿದರೆ ಮನುಷ್ಯ ಇಳಿಯಕೂಡದು.

ಇದೆಲ್ಲ ನನಗೆ ಪುಸ್ತಕದಿಂದ ಬಂದದ್ದಲ್ಲ. ಹೊಂಬಾಳತ್ತೆಯಿಂದ ಬಂದದ್ದು.

ಹೊಂಬಾಳಮ್ಮ ನನ್ನ ತಂದೆಯ ಅಕ್ಕ. ಗುಬ್ಬಿ ತಾಲ್ಲೂಕು ಮುಗಿದು ಕುಣಿಗಲ್ ಶುರುವಾಗುವ ಕಡೆ ಅವಳ ಊರು. ಗಂಡ ಸತ್ತ ಮೇಲೆ ಇದ್ದ ತುಂಡು ಹೊಲವನ್ನು ಮೈದುನರು ಸೇರಿಸಿಕೊಂಡಿದ್ದರು. ಅವಳಿಗೆ ಉಳಿದದ್ದು ಒಂದು ಗುಡಿಸಲು, ಒಂದು ಹಿತ್ತಾಳೆ ಸೇರು, ಊರಿಗೆಲ್ಲ ಸಾಕಾಗುವಷ್ಟು ಬಾಯಿ. ಊರ ಗುಡಿಯ ಹಿಂದೆ ಊರೊಟ್ಟಿನ ಹಗೇವುಗಳಿದ್ದವು. ಸುಗ್ಗಿ ಮುಗಿದ ಮೇಲೆ ಪ್ರತಿ ಮನೆಯವರೂ ತಮ್ಮ ಪಾಲು ತಂದು ಸುರಿಯುತ್ತಿದ್ದರು. ಬಾಯಿಗೆ ಮಣ್ಣು, ಸಗಣಿ ಮೆತ್ತುವ ಕೆಲಸ ಹೊಂಬಾಳತ್ತೆಯದು. ಹೊಲವಿಲ್ಲದವರೇ ಮೆತ್ತಬೇಕು ಎಂಬುದು ಅಲ್ಲಿಯ ಕಟ್ಟಳೆ. ಒಳಗೆ ತನ್ನದೊಂದು ಕಾಳೂ ಇಲ್ಲದವರಿಗೆ ಕದಿಯುವ ಲೆಕ್ಕಾಚಾರ ಬರುವುದಿಲ್ಲ ಎಂದಿರಬಹುದು. ಅದಕ್ಕೆ ಪ್ರತಿಯಾಗಿ ಹಗೇವು ತೆರೆದ ದಿನ ಮೊದಲ ಸೇರು ಹೊಲವಿಲ್ಲದವರಿಗೆ. ಅತ್ತೆ ತನ್ನ ಸೇರಿನಲ್ಲಿ ಮೊದಲು ತನ್ನಂಥವರಿಗೆ ಅಳೆದು, ಆಮೇಲೆ ಹೊಲವಂತರಿಗೆ ಅಳೆಯುತ್ತಿದ್ದಳು. ವರ್ಷದಲ್ಲಿ ಅವಳು ತಲೆ ಎತ್ತಿರುತ್ತಿದ್ದುದು ಅದೊಂದೇ ದಿನ. ಆದರೆ ಆ ಒಂದು ದಿನದ ಜೋರಿನಲ್ಲಿ ಉಳಿದ ದಿನಗಳೂ ಊರನ್ನು ಬೈದುಕೊಂಡು ಓಡಾಡುತ್ತಿದ್ದಳು.

ಇನ್ನೊಂದು ಕಟ್ಟಳೆಯಿತ್ತು. ಊರಿಗೆ ಯಜಮಾನ ಇಲ್ಲದಾಗ ಹಗೇವು ತೆರೆಯಕೂಡದು. ಹಿಂದೊಮ್ಮೆ ಯಜಮಾನ ತೀರಿಕೊಂಡು, ಅವನ ಜಾಗಕ್ಕೆ ಯಾರು ಎಂದು ಊರು ಜಗಳವಾಡುತ್ತಿದ್ದಾಗ, ಮನೆಗಳಲ್ಲಿ ರಾಗಿ ಮುಗಿದಿದ್ದರೂ ಯಾರೂ ಚಪ್ಪಡಿ ಮುಟ್ಟಲಿಲ್ಲವಂತೆ. ಸೊಪ್ಪು ಬೇಯಿಸಿಕೊಂಡು ತಿಂದರಂತೆ. ಹಸಿವು ಹೆಚ್ಚಾದಂತೆ ಜಗಳ ಕಡಿಮೆಯಾಯಿತು, ಸಿದ್ದಪ್ಪ ಎಂಬವನನ್ನು ಕೂರಿಸಿದರು, ಅವನ ಕೈಯಲ್ಲಿ ಚಪ್ಪಡಿ ತೆಗೆಸಿದರು. “ಬಾಯಿ ತೆಗ್ಸೋನು ತಳ ಕಾಣೋಗಂಟ ಇರ್ಬೇಕು ಕಣ್ಲಾ,” ಎನ್ನುತ್ತಿದ್ದಳು ಅತ್ತೆ. “ತೆಗ್ದು ಓಡೋಗೋನ ಕೈಗೆ ಕೊಟ್ರೆ ಊರಿಗೆ ಊರೇ ಕಿತ್ತಾಡ್ಕಂಡು ಸಾಯ್ತದೆ.” ಒಮ್ಮೆ ತೆರೆದ ಹಗೇವನ್ನು ಮತ್ತೆ ಮುಚ್ಚಲಾಗುವುದಿಲ್ಲ. ಗಾಳಿ ಕುಡಿದ ರಾಗಿಯನ್ನು ಹಂಚಿ ಮುಗಿಸಲೇಬೇಕು. ಹಂಚುವವನು ಕೊನೆಯ ಸೇರಿನವರೆಗೆ ನಿಂತು ಉತ್ತರ ಹೇಳಬೇಕು.

ನಾನು ನೆನೆಯುವ ವರ್ಷ ಎಪ್ಪತ್ತರ ದಶಕಕ್ಕೆ ಸೇರಿದ್ದು. ಇಸವಿ ಹೇಳುವುದಿಲ್ಲ. ಹೇಳಿದರೆ ಒಂದು ಪಕ್ಷದವರು ಬಂದು ‘ಅದು ಅವರ ಕಾಲದಲ್ಲಿ’ ಎನ್ನುತ್ತಾರೆ, ಇನ್ನೊಂದು ಪಕ್ಷದವರು ‘ಶುರು ಮಾಡಿದ್ದು ಇವರು’ ಎನ್ನುತ್ತಾರೆ. ಇಬ್ಬರ ಬಾಯಿಗೂ ರಾಗಿಯ ಹೆಸರು ಬರುವುದು ನನಗೆ ಬೇಡ.

ಆಗ ನನಗೆ ಇಪ್ಪತ್ತರ ಆಸುಪಾಸು. ಬಿ.ಎ. ಅರ್ಧಕ್ಕೆ ಬಿಟ್ಟಿದ್ದೆ. ಪರೀಕ್ಷೆಯ ಚಿಂತೆಯಲ್ಲಿ ಓದಲಾಗದೆ, ಓದಲಾಗದ ಚಿಂತೆಯಲ್ಲಿ ಪರೀಕ್ಷೆಗೇ ಹೋಗದೆ ಆ ಸಮಸ್ಯೆಯನ್ನು ಬಗೆಹರಿಸಿಕೊಂಡಿದ್ದೆ. ಗುಬ್ಬಿಯ ಮಾರುಕಟ್ಟೆ ಅಂಗಳದಲ್ಲಿ ಸರ್ಕಾರ ಧಾನ್ಯ ಕೊಳ್ಳುವ ಕೇಂದ್ರ ತೆರೆದಿತ್ತು. ಅಲ್ಲಿ ದಿನಗೂಲಿಯ ಗುಮಾಸ್ತನಾಗಿ ಸೇರಿದೆ. ತುಮಕೂರಿನ ಮನೆಯಿಂದ ಬೆಳಿಗ್ಗೆ ಪ್ಯಾಸೆಂಜರ್ ರೈಲು, ಸಂಜೆ ಅದೇ ರೈಲು. ಮನೆಯಲ್ಲಿ ಅವ್ವ ಮತ್ತು ನಾನು.

ಆ ಬೇಸಿಗೆ ತುಮಕೂರಿನ ರೇಷನ್ ಡಿಪೋಗಳಲ್ಲಿ ರಾಗಿ ಇಲ್ಲ. ಅವ್ವ ಹೊತ್ತಾರೆಯೇ ಚೀಲ ಮಡಚಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ತನ್ನ ಚೀಲವನ್ನು ಜಾಗಕ್ಕಿಟ್ಟು ಕಲ್ಲೊಂದನ್ನು ಹೇರಿ, ಮನೆಗೆ ಬಂದು ನೀರು ಹಿಡಿದು, ಮತ್ತೆ ಹೋಗಿ ನಿಲ್ಲುತ್ತಿದ್ದಳು. ಡಿಪೋದವನು ಬಾಗಿಲು ಅರ್ಧ ತೆಗೆದು ‘ಸ್ಟಾಕ್ ಇಲ್ಲ’ ಎಂಬ ಹಲಗೆ ತಗಲಿಸಿ ಮತ್ತೆ ಮುಚ್ಚುತ್ತಿದ್ದ. ಪೇಟೆಯ ಜನ ಕೂಗಾಡಿದರು. ಆಗ ಬೆಂಗಳೂರಿನಲ್ಲಿದ್ದವರು ಹಳ್ಳಿಗಳಲ್ಲಿ ಬಚ್ಚಿಟ್ಟ ಧಾನ್ಯವನ್ನೆಲ್ಲ ಹೊರತೆಗೆಯಿರಿ ಎಂದು ಆಜ್ಞೆ ಮಾಡಿದರು. ಪೇಟೆಯವರಿಗೂ ಹೊಟ್ಟೆಯಿದೆ, ನನ್ನ ಅವ್ವನಿಗೂ ಇತ್ತು. ಆ ಆಜ್ಞೆಯ ಮೇಲೆ ನನಗೆ ಇವತ್ತಿಗೂ ಅಷ್ಟು ಸಿಟ್ಟಿಲ್ಲ. ಊರ ಹಗೇವನ್ನು ‘ಬಚ್ಚಿಟ್ಟದ್ದು’ ಎಂದು ಕರೆದದ್ದನ್ನು ಬಿಟ್ಟರೆ.

ಸಿದ್ದಪ್ಪಜ್ಜ, ಅದೇ ಸೊಪ್ಪು ತಿಂದ ಕಾಲದಲ್ಲಿ ಯಜಮಾನನಾದವನು, ಆಗಲೂ ಯಜಮಾನನೇ. ಆಜ್ಞೆಯ ಸುದ್ದಿ ಕೇಳಿ ತಾನೇ ಬಸ್ಸು ಹತ್ತಿ ಗುಬ್ಬಿಗೆ ಬಂದ. ನಮ್ಮ ಕೇಂದ್ರದ ಸಾಹೇಬರ ಮುಂದೆ ಟವಲು ತೆಗೆದು ನಿಂತು, ತಮ್ಮ ಊರಿನ ಯಾವ ಹಗೇವಿನಲ್ಲಿ ಎಷ್ಟಿದೆ ಎಂದು ಹೇಳಿದ. ಅರ್ಧ ಕೊಡುತ್ತೇವೆ, ಅರ್ಧ ಊರಿಗೆ ಬಿಡಿ, ಈ ಸಲ ಬೆಳೆ ತೆಳ್ಳಗೆ, ಮುಂದಿನ ಸುಗ್ಗಿವರೆಗೆ ಊರು ಅದರ ಮೇಲೇ ನಿಂತಿದೆ ಎಂದ. ಸಾಹೇಬರು ತಲೆಯಾಡಿಸಿದರು. ಸಿದ್ದಪ್ಪಜ್ಜ ಖುಷಿಯಾಗಿ, ಹೊರಗೆ ಬಂದು ನನ್ನ ಬೆನ್ನು ತಟ್ಟಿದ. “ಒಳ್ಳೆ ಮನ್ಸ ಕಣಪ್ಪ ನಿಮ್ ಸಾಯೇಬ್ರು. ಮಾತಾಡಿದ್ರೆ ಎಲ್ಲಾ ಸರಿ ಓಯ್ತದೆ.”

ಸರ್ಕಾರ ಎಂದರೆ ತಮ್ಮ ಊರಿನಂತೆಯೇ ಇನ್ನೊಂದು ಊರು, ಸ್ವಲ್ಪ ದೊಡ್ಡದು ಎಂದು ಅವನು ತಿಳಿದಿದ್ದ. ಅವನು ಮಾಡಿದ ತಪ್ಪು ಇದೊಂದೇ. ಬೇರೆ ಊರಿನವರು ಜಾಣರು, ಹಗೇವಿನ ಮೇಲೆ ತಿಪ್ಪೆ ಸುರಿದು ಕೈಕಟ್ಟಿ ಕೂತರು. ಅವರ ರಾಗಿ ಉಳಿಯಿತು.

ಯುಗಾದಿ ಕಳೆದು ಬಿಸಿಲು ಕೆಂಡವಾಗಿದ್ದಾಗ ಸರ್ಕಾರ ಬಿತ್ತು. ಯಾರೋ ಯಾರ ಕಡೆಗೋ ಹಾರಿದರು. ನಮ್ಮ ಕಚೇರಿಯ ಹೆಡ್‌ಗುಮಾಸ್ತರು ರೇಡಿಯೊ ಕಿವಿಗೆ ಹಚ್ಚಿಕೊಂಡು ‘ಹೋಯ್ತು’ ಎಂದರು. ನಾನು ಏನು ಮಾಡಬೇಕು ಎಂದು ಕೇಳಿದೆ. “ಟೀ ತರ್ಸು,” ಎಂದರು. ಆದರೆ ಆಜ್ಞೆ ಬೀಳಲಿಲ್ಲ. ತಲೆ ಕತ್ತರಿಸಿದ ಕೋಳಿ ಅಂಗಳದ ತುಂಬ ಓಡುವ ಹಾಗೆ ಅದು ಓಡುತ್ತಲೇ ಇತ್ತು. ಹೊಸಬರು ಬಂದು ಕೇಳಿದರೆ ತೋರಿಸಲು ಏನಾದರೂ ಇರಬೇಕೆಂಬ ಅವಸರ ಸಾಹೇಬರಿಗೆ. ಎಲ್ಲಕ್ಕಿಂತ ಸುಲಭ ಯಾವುದು? ತಾನಾಗಿಯೇ ಬಂದು ಜಾಗ ತೋರಿಸಿದ ಸಿದ್ದಪ್ಪಜ್ಜನ ಊರು.

ಲಾರಿ, ಹಮಾಲರು, ಇಬ್ಬರು ಪೊಲೀಸರು, ತೂಕಕ್ಕೆ ನಾನು. ಗುಡಿಯ ಹಿಂದೆ ಊರೆಲ್ಲ ಸೇರಿತ್ತು. ಸಿದ್ದಪ್ಪಜ್ಜ ಕೈಮುಗಿದು ಮುಂದೆ ಬಂದ.

“ಸ್ವಾಮಿ, ನಿಮ್ ಯಜಮಾನ್ರು ಓಗ್‌ಬುಟ್ರಂತೆ, ರೇಡಿಯಾದಾಗೆ ಏಳಿದ್ರು. ಒಸಬ್ರು ಕುಂತ್ಕಳ್ಳಿ. ಆಮ್ಯಾಕೆ ನಾವೇ ಗಾಡಿ ಕಟ್ಕಂಡು ತಂದಾಕ್ತೀವಿ. ಯಜಮಾನ ಇಲ್ದಾಗ ಬಾಯಿ ತೆಗ್ಯಂಗಿಲ್ಲ, ನಮ್ಮಲ್ಲಿ ಕಟ್ಲೆ.”

ಸಾಹೇಬರ ಮುಖ ಕೆಂಪಾಯಿತು. “ಏನಯ್ಯ, ಸರ್ಕಾರ ಇಲ್ಲ ಅಂತ ಹೇಳ್ತಿದೀಯಾ? ನಾನು ಯಾರು ಹಾಗಾದ್ರೆ?”

ಸಿದ್ದಪ್ಪಜ್ಜ ನಿಜವಾಗಿಯೂ ಯೋಚಿಸಿದ. “ನೀವು ಅಳ್ಯೋರು ಸ್ವಾಮಿ,” ಎಂದ. “ಕೊಡ್ಸೋರು ಯಾರು?”

ಅದಕ್ಕೆ ಉತ್ತರವಾಗಿ ಪೊಲೀಸಿನವನು ಅಜ್ಜನ ಎದೆಗೆ ಲಾಠಿ ಅಡ್ಡ ಹಿಡಿದು ಹಿಂದಕ್ಕೆ ತಳ್ಳಿದ. ಅಜ್ಜ ಬಿದ್ದ. ಅವನ ಟವಲು ಹಗೇವಿನ ಬಾಯ ಮೇಲೆ ಬಿತ್ತು. ಬಿದ್ದವನು ಎದ್ದು, ಮೈ ಕೊಡವಿಕೊಂಡು, ಟವಲು ಹೆಗಲಿಗೆ ಹಾಕಿಕೊಂಡು, “ದೀಪನಾದ್ರೂ ಇಳಿಸ್ರಪ್ಪ. ನಿಮ್ ಆಳು ಸತ್ರೆ ಆ ಪಾಪ ನಮ್ ಊರಿಗೆ ಬ್ಯಾಡ,” ಎಂದ.

ದೀಪ ಇಳಿಸಿದರು. ಆರಿತು. ಬೇವಿನ ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಬಿಗಿದು ಬಾವಿಯಿಂದ ನೀರು ಸೇದುವ ಹಾಗೆ ಮೇಲೆ ಕೆಳಗೆ ಆಡಿಸಿ ಕೆಟ್ಟ ಗಾಳಿ ತೆಗೆದರು. ತೆಗೆದವರು ಊರಿನವರೇ. ತಮ್ಮ ಮನೆಗೆ ನುಗ್ಗಿದವನ ಕಾಲಿಗೆ ಮುಳ್ಳು ಚುಚ್ಚಬಾರದೆಂದು ಅಂಗಳ ಗುಡಿಸಿಕೊಟ್ಟ ಹಾಗೆ. ಮತ್ತೆ ಇಳಿಸಿದಾಗ ದೀಪ ಉರಿಯಿತು. ಮೊದಲ ಬುಟ್ಟಿ ಮೇಲೆ ಬಂತು. ಆ ರಾಗಿಯ ಬಣ್ಣ ನನಗೆ ನೆನಪಿದೆ. ಅದರ ವಾಸನೆ ಇನ್ನೂ ನೆನಪಿದೆ. ಬಿಸಿಲಿಗೆ ಒಣಗಿದ ಹೊಸ ಮಡಕೆಗೆ ಮೂಗಿಟ್ಟ ಹಾಗೆ.

ಹೊಂಬಾಳತ್ತೆ ಸೇರು ಹಿಡಿದು ಬುಟ್ಟಿಯ ಹತ್ತಿರ ಬಂದಳು. ಸೇರನ್ನು ಹುಣಿಸೆಹಣ್ಣು ಹಾಕಿ ಬೆಳಗಿ ತಂದಿದ್ದಳು.

“ಏಯ್, ಏನಮ್ಮ ಅದು?” ಎಂದರು ಸಾಹೇಬರು.

“ಮೊದ್ಲ ಸೇರು.”

“ಇದು ಸರ್ಕಾರಿ ಮಾಲು.”

“ಈಗ್ತಾನೆ ನಮ್ ಹಗೇವಿಂದ ಬಂತಲ್ಲ, ಯಾವಾಗ ಸರ್ಕಾರಿ ಆಯ್ತು? ಬುಟ್ಟಿ ಒಳಗೆ ಏನಾರ ಸೀಲ್ ಒತ್ತಿದ್ರಾ?” ಎಂದಳು ಅತ್ತೆ. ಹಮಾಲರೂ ನಕ್ಕರು. ಪೊಲೀಸಿನವನು ಅವಳನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಅವಳು ತಿರುಗಿ ನನ್ನನ್ನು ನೋಡಿದಳು. “ರಂಗ, ಏನ್ಲಾ ನೀನು, ತಕ್ಕಡಿ ಪಕ್ದಾಗೆ ನಿಂತ್ಕಂಡು? ನೀನಾರ ಏಳ್ಲಾ.” ನಾನು ಹೇಳಿದೆ. ಕಟ್ಟಳೆ ಇರುವುದು ನಿಜ ಸಾರ್ ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. “ನೀನು ತೂಕ ನೋಡಯ್ಯ,” ಎಂದರು ಸಾಹೇಬರು.

ಅರ್ಧವಲ್ಲ, ಎಲ್ಲವನ್ನೂ ತೆಗೆದರು. ಒಮ್ಮೆ ಗಾಳಿ ಕುಡಿದ ರಾಗಿ ಒಳಗೆ ಉಳಿದರೆ ಕೆಡುತ್ತದೆ ಎಂದು ಊರಿನವರೇ ಹೇಳಿದ್ದರಲ್ಲ. ಆ ಮಾತನ್ನೇ ಸಾಹೇಬರು ಎತ್ತಿಕೊಂಡರು. “ನಿಮ್ಮ ಪಾಲು ಗುಬ್ಬೀಲಿ ಬಂದು ತಗೊಳ್ಳಿ, ಆರ್ಡರ್ ಆಗ್ಲಿ.” ಲಾರಿ ಹೊರಟಿತು.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ. ಏಕೆಂದರೆ ಇದುವರೆಗೆ ನಡೆದದ್ದಕ್ಕೆ ಏನಾದರೂ ಅರ್ಥ ಹೇಳಬಹುದು. ಆ ರಾಗಿ ತುಮಕೂರಿಗೆ ಹೋಗಿ, ಡಿಪೋದ ಹಲಗೆ ಇಳಿದು, ನನ್ನ ಅವ್ವನ ಚೀಲಕ್ಕೆ ಬಿದ್ದಿದ್ದರೆ, ಒಂದು ಊರಿನ ಬಾಯಿಂದ ತೆಗೆದು ಇನ್ನೊಂದು ಊರಿನ ಬಾಯಿಗೆ ಹಾಕಿದರು ಎಂದಾದರೂ ಬೈಯಬಹುದಿತ್ತು. ಯಾರ ಬಾಯಿಗೂ ಹಾಕಲಿಲ್ಲ.

ಗುಬ್ಬಿಯ ಗೋದಾಮಿನಲ್ಲಿ ಸಿಮೆಂಟು ತುಂಬಿತ್ತು. ಅದನ್ನು ಸರಿಸಲು ಬೇರೆ ಇಲಾಖೆಯವರು ಒಪ್ಪಬೇಕು. ರಾಗಿ ಮೂಟೆಗಳನ್ನು ಅಂಗಳದಲ್ಲೇ ಅಟ್ಟಿ ಹಾಕಿದರು. ತುಮಕೂರಿಗೆ ಕಳಿಸಲು, ಯಾವ ದರಕ್ಕೆ, ಯಾವ ಡಿಪೋಗೆ ಎಂದು ಮೇಲಿನವರು ಹೇಳಬೇಕು. ಮೇಲೆ ಯಾರೂ ಇಲ್ಲ. ಇದ್ದ ಅಧಿಕಾರಿಗಳು ಸಹಿ ಹಾಕರು. ಇವತ್ತು ಹಾಕಿದ ಸಹಿಗೆ ನಾಳೆ ಬರುವವರು ಏನನ್ನುತ್ತಾರೋ! ಅಷ್ಟರಲ್ಲಿ ನಮ್ಮ ಸಾಹೇಬರಿಗೇ ವರ್ಗವಾಯಿತು. ಹಳಬರ ಕಡೆಯವರೆಂದು ಅವರನ್ನು ಎಲ್ಲೋ ಎಸೆದರು. ಅವರ ಜಾಗಕ್ಕೆ ಬರಬೇಕಾದವರು, ಹೊಸ ಸರ್ಕಾರ ಬಂದು ಇನ್ನೂ ಒಳ್ಳೆಯ ಜಾಗ ಕೊಟ್ಟೀತೆಂದು ಕಾಯುತ್ತ, ಚಾರ್ಜು ತೆಗೆದುಕೊಳ್ಳದೆ ರಜೆ ಹಾಕಿ ಮನೆಯಲ್ಲಿದ್ದರು. ಬೆತ್ತ ಹೆಣೆದ ಕುರ್ಚಿ ಖಾಲಿ. ಮೂಟೆ ಹೊದಿಸುವ ಟಾರ್ಪಾಲು ಇಟ್ಟಿದ್ದ ಕೋಣೆಯ ಬೀಗದ ಕೈ ಹೋದ ಸಾಹೇಬರ ಜೇಬಿನಲ್ಲಿ.

ಕೆಲಸವಿಲ್ಲದ ಕಚೇರಿಯಲ್ಲಿ ನನ್ನ ಕಸುಬು ಭರ್ಜರಿಯಾಗಿ ನಡೆಯಿತು. ಪಡುವಲ ಕಡೆ ಮೋಡ ಕಟ್ಟಿದರೆ ಎದ್ದು ನಿಲ್ಲುತ್ತಿದ್ದೆ.

“ಸಾರ್, ಬೀಗ ಒಡೆಯೋಣ,” ಎಂದೆ ಹೆಡ್‌ಗುಮಾಸ್ತರಿಗೆ.

“ಯಾರ ಆರ್ಡರ್ ಮೇಲೆ?”

“ಮಳೆ ಬಂದ್ರೆ?”

“ಮಳೆ ಯಾರ ಆರ್ಡರ್ ಮೇಲೆ ಬರುತ್ತೆ? ಬಂದ್ರೆ ಅದರ ಜವಾಬ್ದಾರಿ. ಒಡೆದ್ರೆ ನಮ್ಮ ಜವಾಬ್ದಾರಿ.” ಅವರು ಕೆಟ್ಟವರಲ್ಲ. ಎಷ್ಟೋ ಸರ್ಕಾರ ಕಂಡು ಹಣ್ಣಾದವರು. ಅವರಂಥ ಕೆಟ್ಟವರಲ್ಲದವರ ಮೇಲೆ ನನಗೆ ಇರುವಷ್ಟು ಸಿಟ್ಟು ಲಾಠಿ ಹಿಡಿದವನ ಮೇಲೂ ಇಲ್ಲ.

ಸಂಜೆ ಮನೆಗೆ ಹೋದರೆ ಅವ್ವ ಖಾಲಿ ಚೀಲ ಕೊಡವಿ ಗೂಟಕ್ಕೆ ಹಾಕುತ್ತಿದ್ದಳು. “ಮಗ ರಾಗಿ ಕಾಯೋ ನೌಕರಿ, ತಾಯಿ ಮರಗೆಣಸು ಬೇಯ್ಸೋ ನೌಕರಿ. ಏನ್ ಮಾಡ್ತೀಯೋ ದಿನಾ ಅಲ್ಲಿ?” ಎಂದು ಕೇಳಿದಳು ಒಮ್ಮೆ.

“ನೋಡ್ಕೊಳ್ತಾ ಇದೀನಿ,” ಎಂದೆ.

“ಚೆನ್ನಾಗಿ ನೋಡ್ಕೊ.”

ಒಂದು ಮಧ್ಯಾಹ್ನ ಮಳೆ ಬಂತು. ಮೊದಲು ಗಾಳಿ, ಆಮೇಲೆ ಆಲಿಕಲ್ಲು, ಆಮೇಲೆ ಧಾರೆ. ನಾನೂ ಇಬ್ಬರು ಹಮಾಲರೂ ಕಚೇರಿಯ ಚಾಪೆ, ಪರದೆ, ಕೊನೆಗೆ ಗೋಡೆಯ ಭೂಪಟವನ್ನೂ ಕಿತ್ತು ತಂದು ಹೊದಿಸಿದೆವು. ರಾಜ್ಯದ ಭೂಪಟ ಒಂದು ಗಳಿಗೆ ರಾಗಿಯನ್ನು ಕಾಪಾಡಿತು, ಮರುಗಳಿಗೆ ಕರಗಿ ಮೂಟೆಗಳ ಮಧ್ಯೆ ಇಳಿಯಿತು. ಹೆಡ್‌ಗುಮಾಸ್ತರು ಕಿಟಕಿಯಿಂದ ನೋಡುತ್ತ, “ಅದು ಸರ್ಕಾರಿ ಮ್ಯಾಪು ಕಣಯ್ಯ,” ಎಂದರು.

ಮತ್ತೆ ಮಳೆ. ಮತ್ತೆ ಬಿಸಿಲು. ಮೂಟೆಗಳ ಮೇಲೆ ಕೈಯಿಟ್ಟರೆ ಜ್ವರ ಬಂದ ಮಗುವಿನ ಮೈಯ ಹಾಗೆ ಸುಡುತ್ತಿತ್ತು. ಆಮೇಲೆ ಚೀಲದ ನೇಯ್ಗೆಯ ಸಂದುಗಳಿಂದ ಬಿಳಿಯ ಬೇರು, ಹಸಿರು ಮೊಳಕೆ ಹೊರಬಂದವು. ದೂರದಿಂದ ನೋಡಿದರೆ ಅಂಗಳದಲ್ಲಿ ಚಂದದ ಹುಲ್ಲುಗುಡ್ಡ. ಹತ್ತಿರ ಹೋದರೆ ಆ ಹುಳಿ ವಾಸನೆ. ರೈಲಿನಲ್ಲಿ ಜನ ನನ್ನ ಪಕ್ಕದಿಂದ ಎದ್ದು ಬೇರೆ ಕಡೆ ಕೂರುತ್ತಿದ್ದರು. ಅವ್ವ ನನ್ನ ಬಟ್ಟೆಯನ್ನು ಬೇರೆ ಒಗೆಯುತ್ತಿದ್ದಳು.

ಬಿತ್ತನೆಯ ಮಳೆಯೇನೋ ಊರಿನವರಿಗೂ ಬಂದಿತ್ತು. ಉಳುಮೆ ಮಾಡುವವರಿಗೆ ಮುದ್ದೆ ಬೇಕು. ಮನೆಯಲ್ಲಿ ರಾಗಿ ಇಲ್ಲ, ಹಗೇವು ಬರಿದು. ತಮ್ಮ ಪಾಲು ಕೇಳಲು ಸಿದ್ದಪ್ಪಜ್ಜ, ಹೊಂಬಾಳತ್ತೆ, ಇನ್ನಷ್ಟು ಹೆಂಗಸರು ಗಂಡಸರು ಖಾಲಿ ಚೀಲ ಹಿಡಿದು ಗುಬ್ಬಿಗೆ ಬಂದರು. ಅಂಗಳದ ಗೇಟಿನಲ್ಲೇ ನಿಂತುಬಿಟ್ಟರು. ಸಿದ್ದಪ್ಪಜ್ಜ ಒಂದು ಮೂಟೆಯ ಹತ್ತಿರ ಹೋಗಿ ಮೊಳಕೆಯನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಟವಲು ತಲೆಯ ಮೇಲೆ ಹಾಕಿಕೊಂಡ.

ಹೊಂಬಾಳತ್ತೆ ಒಂದು ಮೂಟೆಯ ಬಾಯಿ ಹರಿದಳು. ಒಳಗಿನದು ಕಪ್ಪಾಗಿ ಗಂಟುಗಂಟಾಗಿತ್ತು. ಸೊಂಟದಿಂದ ಸೇರು ತೆಗೆದಳು. ಅದು ಅವತ್ತೂ ಬೆಳಗಿದ್ದೇ. ತುಂಬಿದಳು. ರಾಗಿ ಸುರಿಯಲಿಲ್ಲ, ಮಣ್ಣಿನಂತೆ ಒತ್ತಿ ತುಂಬಬೇಕಾಯಿತು. ಅಂಗೈಯಿಂದ ಮೇಲೆ ಸವರಿ ಸಮ ಮಾಡಿದಳು. ಆಮೇಲೆ ನನ್ನನ್ನು ಕೇಳಿದಳು: “ನಿಮ್ ಸಾಯೇಬ್ರು ಎಲ್ಲವ್ರೆ?”

“ಇಲ್ಲ ಅತ್ತೆ. ಹೊಸಬ್ರು ಇನ್ನೂ ಬಂದಿಲ್ಲ.”

“ಕುರ್ಚಿ ಎಲ್ಲೈತೆ?”

ನಾನು ತೋರಿಸಿದೆ. ಹೆಡ್‌ಗುಮಾಸ್ತರು ಎದ್ದು, “ಏ ಏ, ಎಲ್ಲಿಗಮ್ಮ, ಒಳಗೆ ಬರಬಾರ್ದು,” ಎಂದರು. ಅವಳು ಅವರ ಕಡೆ ನೋಡಲಿಲ್ಲ. ನೇರ ಹೋಗಿ ಬೆತ್ತದ ಕುರ್ಚಿಯ ಮುಂದೆ ನಿಂತಳು.

“ಮೊದ್ಲ ಸೇರು ಏನೂ ಇಲ್ದೋರಿಗೆ. ಅದು ನಮ್ ಕಟ್ಲೆ,” ಎಂದಳು ಕುರ್ಚಿಗೆ. “ನಿನ್ಕಿಂತ ಏನೂ ಇಲ್ದೋರು ಈ ನಾಡಾಗೆ ಯಾರೂ ಇಲ್ಲ ಕಣಪ್ಪ. ತಕಾ, ಉಣ್ಣು.”

ಸೇರನ್ನು ಕುರ್ಚಿಯ ಮೇಲೆ ಬೋರಲು ಹಾಕಿ ತಟ್ಟಿದಳು. ಕಪ್ಪು ಮುದ್ದೆ ಬಿತ್ತು. ಆ ವಾಸನೆ ಕಚೇರಿಯೆಲ್ಲ ತುಂಬಿತು. ಬಾಗಿಲಲ್ಲಿ ನಿಂತಿದ್ದ ಹಮಾಲನೊಬ್ಬ ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ, ಸಾವಿನ ಮನೆಯಲ್ಲಿ ಹಿಡಿಯುವ ಹಾಗೆ. ಅತ್ತೆ ಸೇರನ್ನು ಸೆರಗಿನಿಂದ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದಳು. ಉಳಿದವರು ಅವಳ ಹಿಂದೆ ಹೋದರು. ಯಾರೂ ಒಂದು ಮೂಟೆಯನ್ನೂ ಮುಟ್ಟಲಿಲ್ಲ.

ಬಾನಲ್ಲಿ ಮೋಡ ನಿಂತ ಮೇಲೆ ಬೆಂಗಳೂರಿನಲ್ಲೂ ಸರ್ಕಾರ ನಿಂತಿತು. ನಮಗೂ ಹೊಸ ಸಾಹೇಬರು ಬಂದರು. ಜವಾನ ಕುರ್ಚಿಯನ್ನು ತೊಳೆದು ಬಿಸಿಲಿಗಿಟ್ಟಿದ್ದ. ಆದರೂ ಬೆತ್ತದ ತೂತುಗಳಲ್ಲಿ ಕಾಳುಗಳು ಸಿಕ್ಕಿಕೊಂಡಿದ್ದವು. ಸಾಹೇಬರು ಕೂತು, ಅತ್ತಿತ್ತ ಒರಗಿ, “ಏನ್ರೀ ಇದು ಚುಚ್ಚುತ್ತೆ? ಬೇರೆ ಕುರ್ಚಿ ಹಾಕ್ಸಿ,” ಎಂದರು. ಅವರು ಮಾಡಿಸಿದ ಮೊದಲ ಕೆಲಸ ಅದು. ಎರಡನೆಯದು, ಮೇಲಿನಿಂದ ಬಂದ ಹೊಸ ಆಜ್ಞೆಯನ್ನು ಓದಿ ಹೇಳಿದ್ದು: ರೈತರ ಹಗೇವುಗಳನ್ನು ಇನ್ನು ಯಾರೂ ಮುಟ್ಟಕೂಡದು. ಹಿಂದಿನವರು ಮಾಡಿದ್ದು ಅನ್ಯಾಯ. ಅದನ್ನು ಓದುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಅಂಗಳದಲ್ಲಿ ಕೊಳೆತದ್ದನ್ನು ಗುದ್ದಲಿಯಿಂದ ಕಿತ್ತು ಲಾರಿಗೆ ತುಂಬಿ ಗೊಬ್ಬರಕ್ಕೆ ಸಾಗಿಸಿದರು. ನಾನು ತೂಕಕ್ಕೆ ನಿಂತೆ. “ಅದಕ್ಕೇನು ತೂಕ?” ಎಂದು ಹಮಾಲ ಉಗಿದ. ಮರುದಿನದಿಂದ ನಾನು ಗುಬ್ಬಿಗೆ ಹೋಗಲಿಲ್ಲ.

ಆ ವರ್ಷ ಊರು ಮತ್ತೆ ಸೊಪ್ಪು ತಿಂದಿತು. ಸುಗ್ಗಿ ಬಂತು, ರಾಗಿ ಚೆನ್ನಾಗಿಯೇ ಬಂತು. ಆದರೆ ಗುಡಿಯ ಹಿಂದಿನ ಹಗೇವಿಗೆ ಯಾರೂ ಒಂದು ಮೊರವನ್ನೂ ಸುರಿಯಲಿಲ್ಲ. ತಗಡಿನ ಡ್ರಮ್ಮು ತಂದು ತಂತಮ್ಮ ಮನೆಯೊಳಗೆ, ತಂತಮ್ಮ ಬೀಗದ ಹಿಂದೆ ಇಟ್ಟುಕೊಂಡರು. ಸಿದ್ದಪ್ಪಜ್ಜನನ್ನು ಯಜಮಾನಿಕೆಯಿಂದ ಯಾರೂ ಇಳಿಸಲಿಲ್ಲ. ಇಳಿಸುವ ಅಗತ್ಯವಿರಲಿಲ್ಲ. ಒಟ್ಟಿಗೆ ತೆರೆಯುವುದೇ ಇಲ್ಲವಾದ ಮೇಲೆ ಯಜಮಾನ ಯಾಕೆ? ಮೆತ್ತುವವಳು ಯಾಕೆ? ಮೊದಲ ಸೇರು ಎಲ್ಲಿಂದ? ಬಹಳ ಹಿಂದಿನಿಂದ ಒಂದು ಊರು ಕಟ್ಟಿಕೊಂಡು ಬಂದ ನಂಬಿಕೆಯನ್ನು ಒಂದು ಬೇಸಿಗೆಯಲ್ಲಿ ಮುಗಿಸಿದರು. ಮುಗಿಸಿದವರಲ್ಲಿ ಒಬ್ಬನಿಗೂ ತಾನು ಏನಾದರೂ ಮುಗಿಸಿದೆ ಎಂಬುದು ಗೊತ್ತಿಲ್ಲ. ನನ್ನ ಸಿಟ್ಟಿನ ತಳ ಇದು. ಸರ್ಕಾರಗಳು ಬೀಳುವುದನ್ನು ಇವತ್ತು ಜನ ಕ್ರಿಕೆಟ್ಟಿನ ಹಾಗೆ ನೋಡುತ್ತಾರೆ, ಎಣಿಸುತ್ತಾರೆ, ಬಾಜಿ ಕಟ್ಟುತ್ತಾರೆ. ಬೀಳುವವರಿಗೆ ಪೆಟ್ಟಾಗುವುದಿಲ್ಲ. ಅವರು ಬೀಳುವುದು ಯಾರದೋ ಊಟದ ತಟ್ಟೆಯ ಮೇಲೆ.

ಹೊಂಬಾಳತ್ತೆ ಗುಡಿಸಲು ಬಿಟ್ಟು ತುಮಕೂರಿನ ನಮ್ಮ ಮನೆಗೆ ಬಂದಳು. ಅವ್ವನಿಗೂ ಅವಳಿಗೂ ಮೊದಲಿಂದ ಆಗುತ್ತಿರಲಿಲ್ಲ. ಆದರೂ ಇಬ್ಬರೂ ಒಂದೇ ಕಾರ್ಡು ಹಿಡಿದು ಡಿಪೋದ ಸಾಲಿನಲ್ಲಿ ನಿಲ್ಲುತ್ತಿದ್ದರು. ಜಗಳವಾಡಿಕೊಂಡೇ. ಮೊದಲ ಸಲ ಹೋದಾಗ ಅತ್ತೆ ಸಾಲಿನ ಮುಂದಕ್ಕೆ ಹೋಗಿ ಡಿಪೋದವನನ್ನು ಕೇಳಿದಳಂತೆ: “ಮೊದ್ಲು ಯಾರಿಗ್ ಅಳೀತೀಯಪ್ಪ?”

“ಮೊದ್ಲು ಬಂದೋರಿಗೆ ಅಜ್ಜಿ. ಹಿಂದೆ ಹೋಗಿ ನಿಂತ್ಕೊ.”

ಅವಳು ಹಿಂದೆ ಹೋಗಿ ನಿಂತಳು. ಬೈಯಲಿಲ್ಲ. ಅವ್ವ ಇದನ್ನು ನನಗೆ ಹೇಳುವಾಗ, “ಬೈದಿದ್ರೆ ಚೆನ್ನಾಗಿತ್ತು ಕಣೋ,” ಎಂದು ಅತ್ತಳು. ಎಂಬತ್ತರ ದಶಕ ಮುಗಿಯುವ ಮೊದಲೇ ಅತ್ತೆ ಸತ್ತಳು. ಆ ಸಾಲಿನಲ್ಲಿ ಅವಳು ಮತ್ತೆ ತಲೆ ಎತ್ತಿದ್ದನ್ನು ನಾವ್ಯಾರೂ ಕಾಣಲಿಲ್ಲ. ಸೇರು ನಮ್ಮ ಮನೆಯಲ್ಲಿದೆ. ರಾಗಿ ಡ್ರಮ್ಮಿನ ಒಳಗೆ.

ಎದುರು ಸೈಟಿನವನು ನನ್ನ ಕಿರುಚಾಟಕ್ಕೆ ಹೆದರಿ ಒಂದು ಮೇಣದಬತ್ತಿಯನ್ನು ದಾರಕ್ಕೆ ಕಟ್ಟಿ ಹಗೇವಿನೊಳಗೆ ಇಳಿಸಿದ. ಬತ್ತಿ ಕೆಳಗೆ ಮುಟ್ಟುವ ಮೊದಲೇ ಆರಿತು. ಅವನ ಮುಖ ಬಿಳಿಚಿಕೊಂಡಿತು. “ಅಯ್ಯೋ ಸಾರ್, ಇಳಿದಿದ್ರೆ ಹೋಗ್ತಿದ್ನಲ್ಲ! ಒಳಗೆ ಏನಿತ್ತು ಸಾರ್?”

“ಊಟ,” ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಸಂಜೆಯೊಳಗೆ ಜಲ್ಲಿ ತುಂಬಿಸಿ ಮೇಲೆ ಕಾಂಕ್ರೀಟು ಹಾಕಿಸಿದ. ಅದರ ಮೇಲೆ ಕಾರು ನಿಲ್ಲಿಸುತ್ತಾನಂತೆ.

ಅದೇ ಸಂಜೆ ಟೀವಿಯಲ್ಲಿ ಯಾರೋ ರಾಜೀನಾಮೆ ಕೊಟ್ಟರು. ಯಾರೋ ಬಸ್ಸು ಹತ್ತಿದರು. ನಾನು ಚೀಲ ತೆಗೆದುಕೊಂಡು ಮಂಡಿಪೇಟೆಗೆ ಹೋದೆ. ಅಂಗಡಿಯವನು ನನಗೆ ಹಳೆಯ ಪರಿಚಯ.

“ಏನ್ ಸಾರ್, ಹೋದ ತಿಂಗಳು ತಾನೆ ಒಂದು ಮೂಟೆ ತಗೊಂಡೋಗಿದ್ರಿ? ಮನೇಲಿ ಮದುವೆನಾ?”

“ಇಲ್ಲ. ಸರ್ಕಾರ ಬೀಳ್ತಾ ಇದೆ.”

ಅವನು ಹೊಟ್ಟೆ ಹಿಡಿದು ನಕ್ಕ. ಪಕ್ಕದ ಅಂಗಡಿಯವನನ್ನು ಕರೆದು ನನ್ನ ಮಾತನ್ನು ಹೇಳಿ ಇನ್ನೊಮ್ಮೆ ನಕ್ಕ. ನಾನು ರಾಗಿಯನ್ನು ಅಂಗೈಗೆ ಹಾಕಿಕೊಂಡು ಮೂಗಿನ ಹತ್ತಿರ ಹಿಡಿದು ನೋಡಿದೆ. ಒಣಗಿತ್ತು.

“ಅಳೆಯಪ್ಪ,” ಎಂದೆ.